ಬೇಲೆಕೇರಿಯ ಚಿಪ್ಪಿನ ಬಾವಿ

ಜಟ್ಟು ಗೌಡ ಬಾವಿ ತೋಡಲು ಇಳಿದದ್ದು ಕುಡಿಯುವ ನೀರಿಗೆ. ಸಿಕ್ಕಿದ್ದು ಚಿಪ್ಪಿ. ಬೇಲೆಕೇರಿಯ ಸಮುದ್ರದಿಂದ ಮೈಲಿಯಷ್ಟು ಒಳಗಿದ್ದ ಗದ್ದೆ ಅದು. ಒಂದಾಳುದ್ದ ಮಣ್ಣು ತೆಗೆಯುವಷ್ಟರಲ್ಲಿ ಬೆಳ್ಳಗೆ ಒತ್ತೊತ್ತಾಗಿ ಕೂತ ಚಿಪ್ಪಿಯ ಹಾಸು ಬಂತು. ಪಿಕಾಸಿ ಬಿದ್ದಲ್ಲೆಲ್ಲ ಕಟಕಟ ಸದ್ದು. ಅದನ್ನು ಒಡೆದು ಕೆಳಗೆ ಹೋದರೆ ಕಪ್ಪು ಕೆಸರು, ಕೆಸರಿನಲ್ಲಿ ಬೇರು ಸಮೇತ ನಿಂತ ಮರದ ಬುಡ. ಒಸರಿದ ನೀರು ಬಾಯಿಗಿಟ್ಟರೆ ಉಪ್ಪು. ಜಟ್ಟು ಮೇಲೆ ಹತ್ತಿ ಬಂದು, ಮೈಯ ಕೆಸರನ್ನೂ ತೊಳೆಯದೆ ಗದ್ದೆಯಂಚಿನ ಹಾಳಿಯ ಮೇಲೆ ಕೂತುಬಿಟ್ಟ.

ಸುದ್ದಿ ಕೇಳಿ ಓಡಿ ಬಂದವನು ರಾಮನಾಥ. ಕಾರವಾರದ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಶನಿವಾರ ಬಂತೆಂದರೆ ಮೋಟಾರು ಬಸ್ಸು ಹತ್ತಿ ಬೇಲೆಕೇರಿಯಲ್ಲಿದ್ದ ಅಕ್ಕನ ಮನೆಗೆ ಬರುವವನು. ಮುಂಬಯಿಯಲ್ಲಿ ಓದುವಾಗ ಪ್ರೊಫೆಸರರ ಬಾಯಲ್ಲಿ ಕೇಳಿದ್ದನ್ನು ಮೊದಲ ಬಾರಿಗೆ ಕಣ್ಣಾರೆ ಕಂಡ ಅವನಿಗೆ ಮೈಮೇಲೆ ಎಚ್ಚರವೇ ಇರಲಿಲ್ಲ. ಬೂಟು ಕಳಚಿ ಬಾವಿಗಿಳಿದ. ಚಿಪ್ಪಿಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡ, ಮರದ ಬುಡ ಕೆರೆದು ಮೂಸಿ ನೋಡಿದ, ಒಬ್ಬನೇ ನಕ್ಕ.

ಜಟ್ಟುವಿನ ಹೆಂಡತಿ ಸೋಮಿ ಮೇಲಿನಿಂದ ನೋಡುತ್ತಿದ್ದಳು.

"ನಮ್ಮನಿ ಬಾವಿ ಹಾಳಾದ್ದು ನಿಮ್ಗೆ ಹಬ್ಬನಾ ಮಾಸ್ತರ್ರೆ?"

"ಹಾಳಲ್ಲ ತಾಯಿ. ಒಂದು ಕಾಲಕ್ಕೆ ಸಮುದ್ರ ಇಲ್ಲಿವರೆಗೆ ಬಂದಿತ್ತು. ಇದು ಅದರದ್ದೇ ಗುರುತು."

"ಬಂದಿದ್ರೆ ಬಂತು. ನಾ ನೀರಿಗೆ ಎಲ್ಲಿ ಹೋಗೂದು ಅದ್ನ ಹೇಳಿ."

ರಾಮನಾಥ ಆ ಪ್ರಶ್ನೆಯನ್ನು ಸರಿಯಾಗಿ ಕೇಳಿಸಿಕೊಳ್ಳಲೇ ಇಲ್ಲ.

ಅಕ್ಕನ ಗಂಡ ದೇವಾನಂದನಿಗೆ ಬಂದರಿನ ಹತ್ತಿರ ಚಿಪ್ಪಿ ಸುಡುವ ಸುಣ್ಣದ ಭಟ್ಟಿ ಇತ್ತು. ಸಮುದ್ರ ಉಕ್ಕುವ ಭರತದ ಹೊತ್ತಿಗೆ ನೀರು ಮುಟ್ಟುವ ನೆಲದಲ್ಲಿ ಚಿಪ್ಪಿ ಆರಿಸಲು ಸರಕಾರದ ಗುತ್ತಿಗೆಯೂ ಅವನದೇ. ಭಾವಮೈದನ ಪುಸ್ತಕದ ಮಾತೆಂದರೆ ಅವನಿಗೆ ಆಕಳಿಕೆ. ಆದರೆ ಅವತ್ತು ಊಟಕ್ಕೆ ಕೂತಾಗ ಕೈ ತಡೆದು ಕೇಳಿದ. ರಾಮನಾಥ ಉಬ್ಬಿಹೋದ. ಎಲೆಯ ಆಚೆ ತುದಿಗೊಂದು, ಈಚೆ ತುದಿಗೊಂದು ಅನ್ನದ ರಾಶಿ ಮಾಡಿ ನಡುವೆ ಸಾರು ಬಿಟ್ಟ.

"ಇವೆರಡು ಭೂಮಿಯ ಉತ್ತರ ದಕ್ಷಿಣದ ಮಂಜುಗಡ್ಡೆ ಅಂತ ತಿಳಿ ಭಾವ. ಸಹ್ಯಾದ್ರಿ ಮುಳುಗಿಹೋಗುವಷ್ಟು ದಪ್ಪ. ಅದಕ್ಕೆ ನೀರು ಬಂದದ್ದು ಸಮುದ್ರದಿಂದಲೇ. ಅನ್ನ ಸಾರು ಹೀರಿದ ಹಾಗೆ ಗಡ್ಡೆ ಬೆಳೆದಷ್ಟೂ ಸಮುದ್ರ ಇಳಿಯಿತು. ಆಗ ಕೂರ್ಮಗಡಕ್ಕೆ ದೋಣಿ ಬೇಕಿರಲಿಲ್ಲ, ನಡೆದೇ ಹೋಗಬಹುದಿತ್ತು. ಆ ಬಾವಿಯಡಿಯ ಮರ ಬೆಳೆದದ್ದು ನೀರು ಇನ್ನೂ ತಗ್ಗಿನಲ್ಲಿದ್ದಾಗ. ಆಮೇಲೆ ಸೆಕೆ ಬಂತು, ಗಡ್ಡೆ ಕರಗಿತು, ನೀರು ಏರಿತು. ಮರವನ್ನು ಮುಳುಗಿಸಿ, ಇವತ್ತಿನ ದಂಡೆಯನ್ನೂ ದಾಟಿ ಒಳಗೆ ಬಂತು. ಚಿಪ್ಪಿ ಕೂತದ್ದು ಆಗ. ಮತ್ತೆ ತುಸು ಇಳಿದು ಈಗಿರುವಲ್ಲಿ ನಿಂತಿದೆ."

"ಅಂದರೆ ಜಟ್ಟುವಿನ ಗದ್ದೆ ಸಮುದ್ರದ ನೆಲ."

"ಆಗ ಹೌದು."

"ಯಾರ ಮುಂದೆ ಬೇಕಾದರೂ ಹೇಳ್ತೀಯಾ?"

"ಇದ್ದದ್ದು ಹೇಳೂಕೆ ಹೆದರಿಕೆ ಏನು?"

ಕಲಾವತಿ ತಮ್ಮನ ಎಲೆಗೆ ಇನ್ನೊಂದು ತುಂಡು ಮೀನು ಹಾಕಿದಳು. ಗಂಡ ತಮ್ಮನ ಮಾತಿಗೆ ಕಿವಿಗೊಟ್ಟದ್ದು ಅವಳಿಗೆ ಖುಷಿಯಾಗಿತ್ತು.

ಮುಂದಿನ ಶನಿವಾರ ಮೋಟಾರಿನಿಂದ ಇಳಿದವನ ಎದುರಿಗೇ ಸೋಮಿ ನಿಂತಿದ್ದಳು, ಕೈಯಲ್ಲಿ ಹುಲ್ಲು ಕೊಯ್ಯುವ ಕತ್ತಿ.

"ಗದ್ದಿ ತುಂಬಾ ಗೂಟ ಹೊಡ್ದರು ನಿನ್ನ ಭಾವನ ಆಳುಗಳು. ಇದು ಸಮುದ್ರದ್ದು, ಚಿಪ್ಪಿ ಎಲ್ಲಾ ನಮ್ದು ಅಂತರು. ಹೇಳ್ದವ ನೀನೇ ಅಲ್ದಾ?"

ಹೋದ ವಾರದ 'ನೀವು' ಹೋಗಿ 'ನೀನು' ಆಗಿತ್ತು. ಮೋಟಾರಿನ ಜನರೆಲ್ಲ ತಿರುಗಿ ನೋಡಿದರು.

"ನಾನು ಹೇಳಿದ್ದು ಸಾವಿರಾರು ವರ್ಷದ ಹಿಂದಿನ ಮಾತು..."

"ಆ ಆಳುಗಳ್ನ ಕರಿಸಿದ ಬಾಯಿ ಯಾರದು? ಬಾವಿಗಿಳಿ ಅಂತ ನಾವು ಕರ್ದಿದ್ವಾ?"

ಅವನು ಸೀದಾ ಭಟ್ಟಿಗೆ ಹೋದ. ದೇವಾನಂದ ಹೊಗೆಯ ಮಧ್ಯೆ ಕುರ್ಚಿ ಹಾಕಿಕೊಂಡು ಕೂತಿದ್ದ.

"ಗೂಟ ಕೀಳಿಸು ಭಾವ. ಇದು ಅನ್ಯಾಯ."

"ನಾನೇನು ಸುಳ್ಳು ಹೇಳಿದೆನಾ? ನಿನ್ನದೇ ಮಾತು. ತಾಲೂಕಿನ ಮಾಮಲೇದಾರರು ಅಂಕೋಲೆಯಿಂದ ಬುಧವಾರ ಬರ್ತಾರೆ. ಅವರೆದುರು ಅಷ್ಟು ಹೇಳಿಬಿಡು."

"ಹೇಳದಿದ್ದರೆ?"

"ನಿನ್ನ ಓದಿಗೆ ಅನ್ನ ಹಾಕಿದವರು ಯಾರು ಅಂತ ಅಕ್ಕನ್ನ ಕೇಳಿ ಬಾ."

ಕೇಳುವ ಅಗತ್ಯವಿರಲಿಲ್ಲ. ರಾತ್ರಿಯಾಗುವ ಮೊದಲೇ ಕಾರವಾರಕ್ಕೆ ಹಿಂತಿರುಗಿದ. ನಾಲ್ಕು ದಿನ ಅವನ ತಲೆಯಲ್ಲಿ ಒಂದೇ ಯೋಚನೆ. ಹಳೆಯ ಕಾಲದವರು ತಿಂದು ಎಸೆದ ಚಿಪ್ಪಿ ಅಂದುಬಿಟ್ಟರೆ ಎಲ್ಲ ಮುಗಿಯುತ್ತದೆ. ಇಲ್ಲವೆನ್ನುವಷ್ಟು ತಿಳಿದವರು ಈ ತಾಲೂಕಿನಲ್ಲೇ ಇಲ್ಲ. ಆದರೆ ಜೋಡಿ ಬಿಚ್ಚದೆ, ಬದುಕಿದ್ದ ಹಾಗೇ ಕೂತ ಚಿಪ್ಪಿಗಳನ್ನು ಅವನು ಕೈಯಾರೆ ಕಿತ್ತಿದ್ದ.

ಬುಧವಾರ ಗದ್ದೆಯ ಮೇಲೆ ಊರೇ ನೆರೆದಿತ್ತು. ಮಾಮಲೇದಾರರು ಮಾವಿನ ನೆರಳಿನಲ್ಲಿ ಕೂತು ಬೆವರೊರೆಸಿಕೊಂಡರು.

"ಮಾಸ್ತರರೇ, ಇಲ್ಲಿ ಸಮುದ್ರ ಇತ್ತೋ, ಇಲ್ಲವೋ?"

"ಇತ್ತು."

ಜನರ ನಡುವೆ ಗುರುಗುಟ್ಟುವಿಕೆ ಎದ್ದಿತು. ಯಾರೋ ಅವನ ಕಾಲ ಹತ್ತಿರ ಉಗುಳಿದರು. ದೇವಾನಂದ ಎದ್ದು ನಿಂತು ಕೈಮುಗಿದ: "ಇಷ್ಟೇ ಸಾಹೇಬರೇ."

"ಇಷ್ಟೇ ಅಲ್ಲ," ಅಂದ ರಾಮನಾಥ. "ಆ ನೀರು ನಿಂತಾಗ ಬೇಲೆಕೇರಿ ಪೇಟೆಯ ಜಾಗವೂ ನೀರೊಳಗೇ ಇತ್ತು. ಬಂದರಿನ ಸುಂಕದ ಕಟ್ಟೆ, ದೇವಾನಂದರ ಭಟ್ಟಿ, ಅವರ ಮನೆ, ಎಲ್ಲ. ಇದು ಸಮುದ್ರದ ನೆಲವಾದರೆ ಅದೂ ಸಮುದ್ರದ ನೆಲ. ಅದಕ್ಕೂ ಮೊದಲು ಮಂಜುಗಡ್ಡೆಯ ಕಾಲದಲ್ಲಿ ಸಮುದ್ರ ಕಣ್ಣಿಗೆ ಕಾಣದಷ್ಟು ದೂರ ಇತ್ತು. ಆಗ ಗುತ್ತಿಗೆ ಎಲ್ಲಿ ಹಿಡಿಯುತ್ತಿದ್ದರು? ಸಮುದ್ರ ಒಂದು ಕಡೆ ನಿಲ್ಲುವಂಥದ್ದಲ್ಲ ಸಾಹೇಬರೇ. ಗುತ್ತಿಗೆಯನ್ನು ಇವತ್ತಿನ ಭರತದ ಗೆರೆಯಲ್ಲೇ ನೋಡಬೇಕು."

ದೇವಾನಂದನ ಮುಖ ಕಪ್ಪಿಟ್ಟಿತು. ಮಾಮಲೇದಾರರಿಗೂ ಇದು ಹಿಡಿಸಲಿಲ್ಲ. ಸರಕಾರದ ಸುಂಕದ ಕಟ್ಟೆಯನ್ನು ನಡುವೆ ಎಳೆದದ್ದು ಅವರಿಗೆ ಅಧಿಕಪ್ರಸಂಗವಾಗಿ ಕಂಡಿತು. ಗುಮಾಸ್ತನ ಕಡೆ ತಿರುಗಿ ಬಿರುಸಾಗಿ ಬರೆಸಿದರು: ಭರತದ ನೀರು ಮುಟ್ಟದ ನೆಲಕ್ಕೆ ಗುತ್ತಿಗೆ ನಡೆಯುವುದಿಲ್ಲ; ಆದರೆ ಅಡಿಯ ಚಿಪ್ಪಿ ಯಾರದೆಂದು ಮೇಲಿನ ಕಚೇರಿ ತೀರ್ಮಾನಿಸುವ ತನಕ ಈ ಗದ್ದೆಯಲ್ಲಿ ಯಾರೂ ಗುದ್ದಲಿ ಹಾಕಕೂಡದು, ಬಾವಿಗೂ ಅಲ್ಲ, ಬೇಸಾಯಕ್ಕೂ ಅಲ್ಲ.

ಗೂಟ ಕಿತ್ತರು. ನೇಗಿಲೂ ನಿಂತಿತು.

ಅಂದು ಅಕ್ಕನ ಮನೆಯ ಅಂಗಳ ತಲುಪಿದಾಗ ಅವನ ಬಟ್ಟೆಯ ಚೀಲ ತುಳಸಿಕಟ್ಟೆಯ ಪಕ್ಕ ಹೊರಗೇ ಇತ್ತು. ಕಲಾವತಿ ಹೊಸ್ತಿಲು ದಾಟಲಿಲ್ಲ.

"ಭರ್ತಿ ಊರಿನೆದುರು ಅವರ ಮಾನ ಕಳೆದೆಯಲ್ಲ."

"ಅವರು ಮಾಡಿದ್ದು ಸರಿಯಾ ಅಕ್ಕ?"

"ಸರಿ ತಪ್ಪು ನನಗೆ ಕಲಿಸಬೇಡ. ಮೋಟಾರು ಸಿಗದಿದ್ದರೆ ನಡೆದು ಹೋಗು," ಅಂದು ಬಾಗಿಲು ಹಾಕಿದಳು.

ಆ ವರ್ಷ ಜಟ್ಟುವಿನ ಗದ್ದೆಯಲ್ಲಿ ಹುಲ್ಲು ಬೆಳೆಯಿತು. ಮೇಲಿನ ಕಚೇರಿಯಿಂದ ಏನೂ ಬರಲಿಲ್ಲ. ಗಂಡಹೆಂಡಿರು ಅವರಿವರ ಗದ್ದೆಗೆ ಕೂಲಿಗೆ ಹೋದರು.

ಮಳೆಗಾಲ ಮುಗಿದ ಮೇಲೆ ರಾಮನಾಥ ಒಮ್ಮೆ ಬಂದ. ಹಿಂದಿನ ದಿನವಿಡೀ ಗುಡ್ಡದ ಬುಡ ತಿರುಗಿ ನೋಡಿದ್ದ. ಹಳೆಯ ಸಮುದ್ರ ನಿಂತು ಹೋದ ಗೆರೆ ಜಟ್ಟುವಿನ ಮನೆಯ ಹಿಂದೆ, ಗೇರು ಮರಗಳ ಕೆಳಗೆ ಮುಗಿಯುತ್ತದೆಂದು ದೂರದಿಂದಲೇ ಲೆಕ್ಕ ಹಾಕಿದ್ದ. ಅದರ ಮೇಲೆ ಬರೀ ಕೆಂಪು ಕಲ್ಲು. ಅಲ್ಲಿ ತೋಡಿದರೆ ಸಿಹಿ ನೀರು ಸಿಗುವ ಸಂಭವವಿತ್ತು. ಆ ಜಾಗ ಮಾಮಲೇದಾರರ ಅಪ್ಪಣೆಯ ಹೊರಗೂ ಇತ್ತು. ಅಷ್ಟು ಹೇಳಿ ಹೋಗೋಣವೆಂದು ಬಂದಿದ್ದ.

ಆದರೆ ಅಲ್ಲಿ ಆಗಲೇ ಬಾವಿ ಇತ್ತು. ಕಟ್ಟೆ ಇನ್ನೂ ಹಸಿ. ಜಟ್ಟು ಅವನನ್ನು ನೋಡಿ ಎದ್ದು ಕೊಟ್ಟಿಗೆಯ ಹಿಂದೆ ಹೋದ. ಸೋಮಿ ಕೊಡ ಎತ್ತಿ ಎತ್ತುಗಳು ಕುಡಿಯುವ ಬಾನಿಗೆ ನೀರು ಸುರಿಯುತ್ತಿದ್ದಳು.

"ಸಿಹಿ ಇದೆಯಾ?" ಕೇಳಿದ.

"ಇದ್ದು."

"ನಾನು ಇದೇ ಜಾಗ ಹೇಳೋಣ ಅಂತ ಬಂದಿದ್ದೆ."

"ನಿಂಗೆ ಯಾರೂ ಕೇಳೂಕೆ ಬರ್ಲಿಲ್ಲ."

ಮನೆಗೆ ಬಂದವರಿಗೆ ಬೆಲ್ಲ ನೀರು ಕೊಡದ ಮನೆ ಆ ಕೇರಿಯಲ್ಲಿರಲಿಲ್ಲ. ಬಿಸಿಲಿಗೆ ನಡೆದು ಬಂದ ರಾಮನಾಥನ ಗಂಟಲು ಒಣಗಿತ್ತು. ಸೋಮಿ ಇನ್ನೊಂದು ಕೊಡ ಸೇದಿದಳು, ಅದನ್ನೂ ಎತ್ತುಗಳಿಗೇ ಸುರಿದಳು, ಒಳಗೆ ಹೋದಳು. ಅವನು ಕಾರವಾರದ ರಸ್ತೆ ಹಿಡಿದ.