ಹಿಂದಿನ ಸೀಟು

ನಾಲ್ಕು ಜನ ಕೈ ಹಾಕಿದರೂ ಗಾಡಿ ಜಗ್ಗಲಿಲ್ಲ. ಹ್ಯಾಂಡಲ್ ಲಾಕ್ ಆಗಿತ್ತು, ಗೇರಿನಲ್ಲಿ ನಿಂತಿತ್ತು, ಜೊತೆಗೆ ಅದು ಮೊದಲೇ ಮೈಭಾರದ ಹಳದಿ ಕರಿಜ್ಮಾ ಬೈಕು. ಅದು ನಿಂತಿದ್ದ ಮೂಲೆಯಲ್ಲೇ ಪರದೆ ಕಟ್ಟಿ ಮಯ್ಯತ್ತಿಗೆ ಕೊನೆಯ ಸ್ನಾನ ಮಾಡಿಸಬೇಕಿತ್ತು. ಅಂಗಳದಲ್ಲಿ ಮೋರಿ ಇದ್ದದ್ದು ಅಲ್ಲೊಂದೇ ಕಡೆ.

"ಅಮ್ಮೀ, ಕೀ ಎಲ್ಲಿ?" ಎಂದು ಸುಹೇಲ್ ಕಿಟಕಿಯ ಹತ್ತಿರ ಬಂದು ತಾಯಿಯನ್ನು ಕೇಳಿದ. ಬೆಳಗಿನಿಂದ ಇದು ಎರಡನೇ ಸಲ.

ಅಫ್ಜಲುನ್ನೀಸಾ ತಲೆ ಅಲ್ಲಾಡಿಸಿದಳು. ಗೊತ್ತಿಲ್ಲ ಎಂದಾದರೂ ತಿಳಿಯಬಹುದು, ಈಗ ಕೇಳಬೇಡ ಎಂದಾದರೂ ತಿಳಿಯಬಹುದು. ಕೀ ಅವಳ ಎಡಗೈ ಮುಷ್ಟಿಯಲ್ಲೇ ಇತ್ತು, ದುಪಟ್ಟಾದ ಮರೆಯಲ್ಲಿ. ಬೆಳಗಿನ ನಮಾಜಿಗೆಂದು ಎದ್ದ ಗಂಡ ಜಹೀರ್ ಅಹಮದ್ ಎದೆ ಹಿಡಿದುಕೊಂಡು ಕುಸಿದಿದ್ದ, ಮತ್ತೆ ಏಳಲಿಲ್ಲ. ಡಾಕ್ಟರು ಬಂದು ಹೋದ ಮೇಲೆ ಅವಳು ಮಾಡಿದ ಮೊದಲ ಕೆಲಸ ಗೋಡೆಯ ಮೊಳೆಯಿಂದ ಆ ಕೀ ತೆಗೆದುಕೊಂಡದ್ದು. ಅಳು ಬಂದದ್ದು ಆಮೇಲೆ. ಇವತ್ತು ಈ ಗಾಡಿಯನ್ನು ಹುಡುಕಿಕೊಂಡು ಯಾರೋ ಒಬ್ಬಳು ಬಂದೇ ಬರುತ್ತಾಳೆ ಎಂದು ಅವಳ ಮನಸ್ಸು ಹೇಳುತ್ತಿತ್ತು. ಹಾಗೆ ಬರುವವಳ ಮುಖ ನೋಡುವ ತನಕ ಗಾಡಿ ಈ ಗೇಟು ದಾಟಬಾರದು.

ಕೊನೆಗೆ ಮೆಕ್ಯಾನಿಕ್ ರಂಗನಾಥನನ್ನು ಕರೆಸಿದರು. ಸಿರಾ ಬಸ್‌ಸ್ಟ್ಯಾಂಡ್ ಹತ್ತಿರ ಜಹೀರನ ಕುಶನ್ ಅಂಗಡಿ, ಅದರ ಪಕ್ಕದ್ದೇ ರಂಗನಾಥನ ಗ್ಯಾರೇಜು. ಅವನು ಗಾಡಿಯನ್ನು ನ್ಯೂಟ್ರಲ್ ಮಾಡಿ, ಮುಂದಿನ ಚಕ್ರ ಎತ್ತಿಸಿ, ಹಿಂದಿನದರ ಮೇಲೆ ಉರುಳಿಸಿಕೊಂಡು ಹೋಗಿ ಗೇಟಿನ ಪಕ್ಕ ನಿಲ್ಲಿಸಿದ. ಟವಲಿನಿಂದ ಟ್ಯಾಂಕು ಒರೆಸಿದ. ಸತ್ತವರ ಬಗ್ಗೆ ಒಳ್ಳೆಯ ಮಾತು ಆಡಬೇಕು ಅನ್ನಿಸಿರಬೇಕು.

"ಸಾಬ್ರು ಗಾಡಿ ಮಡಗಿದಂಗೆ ಯಾರೂ ಮಡಗಲ್ಲ ಕಣ್ಲಾ ಸುಹೇಲ. ಹಿಂದ್ಗಡೆ ಎಡಗಾಲಿಡೋ ಜಾಗದ ರಬ್ಬರ್ ನೋಡು, ನಾನೇ ಎಷ್ಟು ಸಲ ಬದಲಾಯ್ಸಿವ್ನಿ. ಹಾಕ್ದಂಗೆಲ್ಲ ಸವೀತದೆ. ಬಲಗಡೇದು ಶೋರೂಮಿಂದ ಬಂದದ್ದು ಅಂಗೇ ಐತೆ."

"ಅದ್ಯಾಕಣ್ಣ ಅಂಗೆ?"

"ಎರಡೂ ಕಾಲು ಒಂದೇ ಕಡೆ ಹಾಕ್ಕಂಡು ಕುಂತ್ರೆ..." ಎಂದವನ ಕಣ್ಣು ಕಿಟಕಿಯ ಕಡೆ ಹೋಯಿತು. ಮಾತು ಅಲ್ಲಿಗೇ ನುಂಗಿ, ಪರದೆಗೆ ಹಗ್ಗ ಎಲ್ಲಿದೆ ಎಂದು ಕೇಳುತ್ತಾ ಹೋದ.

ಎರಡೂ ಕಾಲು ಒಂದೇ ಕಡೆ ಹಾಕಿ ಕೂರುವವರು ಹೆಂಗಸರು. ಈ ಮನೆಯ ಹೆಂಗಸು ಆ ಗಾಡಿ ಹತ್ತುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು.

*

ಗಾಡಿ ಮನೆಗೆ ಬಂದಾಗ ಸುಹೇಲ್ ಇನ್ನೂ ಅಂಗನವಾಡಿಗೆ ಹೋಗುತ್ತಿದ್ದ. ಗಿರಾಕಿಯೊಬ್ಬರದು, ಅವರಿಗೆ ಈಗ ಓಡಿಸಲು ಆಗುವುದಿಲ್ಲವಂತೆ, ತಗೊಂಡುಬಿಟ್ಟೆ ಎಂದು ಜಹೀರ್ ಹೇಳಿದ್ದ. ಅಷ್ಟೇ ಹೇಳಿದ್ದ. ಬೇರೆಯವರ ಸೀಟು ಹೊಲಿಯುವವನಿಗೆ ರೇಸಿನ ಗಾಡಿ ಬೇಕಾಯಿತೇ ಎಂದು ಬಜಾರಿನವರು ಆಡಿಕೊಂಡರು. ಅವನು ನಕ್ಕುಬಿಟ್ಟ. ಅಫ್ಜಲುನ್ನೀಸಾಗೂ ಒಳಗೊಳಗೇ ಖುಷಿಯಿತ್ತು. ಬೀದಿಯಲ್ಲಿ ಅಂಥ ಗಾಡಿ ಇನ್ನೊಂದಿರಲಿಲ್ಲ.

ಮಧುಗಿರಿಯಲ್ಲಿ ನೆಂಟರ ಮದುವೆ. ಅವಳು ಒಂದೇ ಕಡೆ ಕಾಲು ಹಾಕಿ ಕೂತು ಹೊರಟಳು. ಊರು ದಾಟಿ ಸ್ವಲ್ಪ ದೂರಕ್ಕೆ ಬುರ್ಖಾದ ಅಂಚು ಚೈನಿಗೆ ಸಿಕ್ಕಿ ಸುತ್ತಿಕೊಂಡಿತು. ಬಿದ್ದದ್ದು ಗೊತ್ತಾಯಿತು, ಎದ್ದದ್ದು ಗೊತ್ತಾಗಲಿಲ್ಲ. ಮೊಣಕೈಯ ಗಾಯ ಬೇಗ ಮಾಯಿತು. ಜಹೀರನ ಹೆದರಿಕೆ ಮಾಯಲಿಲ್ಲ. ನಿನಗೆ ಈ ಸೀಟು ಎತ್ತರ ಎಂದುಬಿಟ್ಟ. ಆಮೇಲೆ ಎಲ್ಲಿಗೆ ಹೋಗುವುದಿದ್ದರೂ ಅವಳನ್ನು ಬಸ್ಸಿಗೆ ಹತ್ತಿಸಿ, ತಾನು ಬಸ್ಸಿನ ಹಿಂದೆ ಗಾಡಿಯಲ್ಲಿ ಬರುತ್ತಿದ್ದ. ಅವಳು ಹಿಂದಿನ ಗಾಜಿನಿಂದ ನೋಡುತ್ತಿದ್ದಳು. ಗಂಡ ಬರುತ್ತಿದ್ದ, ಅವನ ಹಿಂದೆ ಖಾಲಿ ಸೀಟೂ ಬರುತ್ತಿತ್ತು.

ಆ ಖಾಲಿ ಸೀಟಿಗೆ ಅವನು ಎರಡು ಮೂರು ವರ್ಷಕ್ಕೊಮ್ಮೆ ಹೊಸ ಸ್ಪಂಜು ಹಾಕುತ್ತಿದ್ದ. ಎಡಗಡೆ ಒಂದಿಷ್ಟು ಅಗಲ ಮಾಡಿ, ಮೆತ್ತಗೆ. ಯಾರಿಗೆ ಎಂದು ಅವಳು ಕೇಳಿದ್ದಳು. ಅಂಗಡಿಗೆ ಬಂದವರಿಗೆ ನನ್ನ ಕೆಲಸ ತೋರಿಸಬೇಡವೇ ಎಂದಿದ್ದ. ತಿಂಗಳಿಗೊಂದು ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿಸಿ ಹೊರಟರೆ ಕತ್ತಲಾಗುವಷ್ಟರಲ್ಲಿ ಬರುತ್ತಿದ್ದ, ಮೈತುಂಬ ಧೂಳು. ಎಲ್ಲಿಗೆ ಎಂದರೆ, ಸುಮ್ಮನೆ ಒಂದು ರೌಂಡು.

*

ಸ್ನಾನ ಮುಗಿಸಿ, ಕಫನ್ನಿನ ಬಿಳಿ ಬಟ್ಟೆ ಹೊದಿಸಿ ಮಯ್ಯತ್ತನ್ನು ನಡುಮನೆಗೆ ತಂದರು. ಗಂಡನ ಜನಾಜಾ ಹೆಗಲಿಗೆ ಎತ್ತುವ ಮೊದಲು ಹೆಂಡತಿ ಒಂದು ಮಾತು ಹೇಳುವ ರೂಢಿ ಅವರ ಮನೆತನದಲ್ಲಿದೆ: ನೀವು ನನಗೆ ಮಾಡಿದ್ದು, ಆಡಿದ್ದು ಎಲ್ಲ ಮಾಫ್ ಎಂದು. ಹೇಳದಿದ್ದರೆ ಎತ್ತಬಾರದು ಎಂದೇನೂ ಇಲ್ಲ. ಆದರೆ ಹೇಳದೆ ಎತ್ತಿದ್ದನ್ನು ಆ ಮನೆಯಲ್ಲಿ ಯಾರೂ ನೋಡಿರಲಿಲ್ಲ.

ಜಹೀರನ ತಂಗಿ ಅತಿಯಾ ಪಕ್ಕಕ್ಕೆ ಬಂದು ಕೂತು, "ಭಾಬಿ, ಮಾಫ್ ಅಂದ್ಬುಡಿ. ಒಂದೇ ಮಾತು" ಎಂದಳು.

ಅಫ್ಜಲುನ್ನೀಸಾ ಗಂಡನ ಮುಖ ನೋಡುತ್ತಾ ಕೂತಿದ್ದಳು. ದುಃಖಕ್ಕೆ ಬಾಯಿ ಕಟ್ಟಿದೆ ಎಂದು ಹೆಂಗಸರು ಸುಮ್ಮನಾದರು. ಸ್ವಲ್ಪ ಹೊತ್ತು ಬಿಟ್ಟು ಅತಿಯಾ ಮತ್ತೆ ಕೇಳಿದಳು. ಈ ಸಲವೂ ಮಾತು ಬರದಿದ್ದಾಗ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಪಕ್ಕದ ಮನೆಯ ಮಂಜಮ್ಮ ಎಲ್ಲರನ್ನೂ ದಾಟಿಕೊಂಡು ಬಂದು ಅವಳ ಕಿವಿಯ ಹತ್ತಿರ ಬಾಗಿದಳು. ಮದುವೆಯಾಗಿ ಬಂದಾಗಿನಿಂದ ಇಬ್ಬರದೂ ಕಾಂಪೌಂಡಿನ ಮೇಲಿನ ಸ್ನೇಹ.

"ಬಾಯಿ ಬರ್ತಿಲ್ವಾ, ಮನಸ್ಸು ಬರ್ತಿಲ್ವಾ?"

"ಬಾಯಿ ಬರ್ತದೆ."

"ಇವತ್ತೊಂದಿನ ಬುಟ್ಬುಡು ಕಣಮ್ಮ. ಕೇಳಿದ್ರೆ ಎದ್ದು ಉತ್ರ ಕೊಡ್ತಾರಾ?"

"ಏನ್ ಮಾಡಿದ್ರು ಅಂತ ಗೊತ್ತಿಲ್ದೆ ಏನನ್ನ ಮಾಫ್ ಮಾಡ್ಲಿ ಮಂಜಕ್ಕ? ಗೊತ್ತಾಗ್ಲಿ, ಹೇಳ್ತೀನಿ."

ಮಂಜಮ್ಮನಿಗೆ ಇದು ಹೊಸದಲ್ಲ. ಅಫ್ಜಲುನ್ನೀಸಾಳ ತಂಗಿ ಶಾಜಿಯಾಳ ಗಂಡ ಹಿಂದೂಪುರದ ಬಸ್ಸಿನಲ್ಲಿ ಹೋಗುವಾಗ ಕೊಡಿಗೇನಹಳ್ಳಿಯ ಹತ್ತಿರ ಆ ಹಳದಿ ಗಾಡಿ ನೋಡಿದ್ದ. ಓಡಿಸುತ್ತಿದ್ದವನು ಜಹೀರನೇ. ಹಿಂದೆ ಒಂದೇ ಕಡೆ ಕಾಲು ಹಾಕಿ, ತಲೆ ತುಂಬ ಬಿಳಿ ಬಟ್ಟೆ ಹೊದ್ದವರು ಕೂತಿದ್ದರು. ಬಸ್ಸು ಮುಂದೆ ಹೋಗಿಬಿಟ್ಟಿತು, ಮುಖ ಕಾಣಲಿಲ್ಲ. ಆ ಸುದ್ದಿ ಕಾಂಪೌಂಡಿನ ಮೇಲೆ ಎಷ್ಟು ಸಲ ಬಂದು ಹೋಗಿತ್ತೋ.

ಅಷ್ಟರಲ್ಲಿ ಸುಹೇಲ್ ಅಪ್ಪನ ಫೋನು ಹಿಡಿದು ಬಂದ. ಅದರಲ್ಲಿ 'ಸೀಟ್ ಗಿರಾಕಿ' ಎಂದು ಬರೆದುಕೊಂಡಿದ್ದ ನಂಬರಿನಿಂದ ಫೋನ್ ಬಂದಿತ್ತಂತೆ. ಸುದ್ದಿ ಹೇಳಿದ ಕೂಡಲೇ ಆ ಕಡೆಯವರು ಅತ್ತರಂತೆ. ಮದಲೂರಿನಿಂದ ಬಸ್ಸು ಹತ್ತುತ್ತೇವೆ, ನಾವು ಬರುವ ತನಕ ಎತ್ತಬೇಡಿ ಅಂದರಂತೆ.

"ಗಂಡಸೋ, ಹೆಂಗಸೋ?" ಎಂದಳು ಅಫ್ಜಲುನ್ನೀಸಾ.

"ಗಂಡಸು ಅಮ್ಮೀ."

ಅವಳಿಗೆ ಸಮಾಧಾನ ಆಗಲಿಲ್ಲ. ಹೆಂಗಸೆಂದರೆ ಅಣ್ಣ ಇರುತ್ತಾನೆ, ಅಪ್ಪ ಇರುತ್ತಾನೆ. ಸೀಟ್ ಹೊಲಿಸಿಕೊಂಡ ಗಿರಾಕಿ ಯಾವನಾದರೂ ಹೀಗೆ ಅಳುತ್ತಾನೆಯೇ? ಅವಳು ಕಿಟಕಿಯ ಹತ್ತಿರಕ್ಕೆ ಸರಿದು ಗೇಟು ಕಾಣುವ ಹಾಗೆ ಕೂತಳು.

*

ಒಂದೇ ಒಂದು ಸಲ ಅವಳು ನೇರವಾಗಿ ಕೇಳಿದ್ದಳು. ಜಹೀರ್ ಅಂಗಳದಲ್ಲಿ ಕೂತು ಬ್ರಷ್ಷಿನಿಂದ ಗಾಡಿಯ ಚೈನು ಉಜ್ಜುತ್ತಿದ್ದ. ಕೊಡಿಗೇನಹಳ್ಳಿಯ ಹತ್ತಿರ ನಿಮ್ಮ ಹಿಂದೆ ಯಾರು ಕೂತಿದ್ದರು ಎಂದಳು.

ಬ್ರಷ್ಷು ನಿಂತಿತು. ಅವನು ಸುಳ್ಳು ಹೇಳುವ ಮನುಷ್ಯನಲ್ಲ. ಸ್ಪಂಜು ಹಳೆಯದಿದ್ದರೆ ಹಳೆಯದು ಎಂದೇ ಹೇಳಿ ಗಿರಾಕಿ ಕಳೆದುಕೊಳ್ಳುತ್ತಿದ್ದವನು. ಹಾಗಿದ್ದವನು ಅವಳ ಮುಖ ನೋಡದೆ, "ಯಾರೂ ಇರ್ಲಿಲ್ಲ" ಎಂದ. ಮತ್ತೆ ಚೈನು ಉಜ್ಜಲು ಶುರುಮಾಡಿದ.

ಅವಳು ಮುಂದೆ ಕೇಳಲಿಲ್ಲ. ಕೇಳಿದರೆ ಇನ್ನೊಂದು ಸುಳ್ಳು ಬರುತ್ತದೆ, ಅದಕ್ಕೆ ಮತ್ತೊಂದು. ಒಂದು ಸುಳ್ಳಿನ ಜೊತೆ ಸಂಸಾರ ಮಾಡುವುದು ಕಷ್ಟವಾದರೂ ಮಾಡಬಹುದು ಅಂದುಕೊಂಡಳು. ಮಾಡಿದಳು ಕೂಡ. ಅಡುಗೆಗೆ ಉಪ್ಪು ಸರಿಯಾಗಿಯೇ ಹಾಕಿದಳು. ಆದರೆ ಆ ಶುಕ್ರವಾರಗಳಂದು ಅವನ ಧೂಳಿನ ಅಂಗಿಯನ್ನು ಕೈಯಿಂದ ಮುಟ್ಟದೆ, ಕೋಲಿನಿಂದ ಎತ್ತಿ ಬಕೀಟಿಗೆ ಹಾಕುತ್ತಿದ್ದಳು. ಅವನೂ ಅದನ್ನು ನೋಡಿದ್ದ.

*

ಮಧ್ಯಾಹ್ನದ ಅಜಾನ್ ಆಗುವುದಕ್ಕೆ ಸ್ವಲ್ಪ ಮುಂಚೆ ಗೇಟಿನಲ್ಲಿ ಒಬ್ಬ ಹೆಂಗಸು ಕಾಣಿಸಿದಳು. ನಲವತ್ತೈದು ಇರಬಹುದು. ಹಬ್ಬಕ್ಕೆಂದು ತೆಗೆದಿಟ್ಟಿದ್ದ ಸೀರೆ ಉಟ್ಟಿದ್ದಳು, ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಒಳಗೆ ಕಾಲಿಟ್ಟವಳೇ ಹಳದಿ ಗಾಡಿ ನೋಡಿ ಜೋರಾಗಿ ಅತ್ತಳು.

ಅಫ್ಜಲುನ್ನೀಸಾಳ ಮುಷ್ಟಿಯಲ್ಲಿ ಕೀ ಅಂಗೈಗೆ ಚುಚ್ಚಿತು. ಬಂದಳು.

ಹೆಂಗಸು ನಡುಮನೆಗೆ ಬಂದು, ಮಯ್ಯತ್ತಿಗೆ ಕೈಮುಗಿದು, ಸೀದಾ ಅವಳ ಹತ್ತಿರ ಬಂದು ಕೂತು ಕೈ ಹಿಡಿದುಕೊಳ್ಳಲು ಹೋದಳು. ಅಫ್ಜಲುನ್ನೀಸಾ ಕೈ ಎಳೆದುಕೊಂಡಳು.

"ನೀನ್ಯಾರು?"

"ಚಿಕ್ಕಹನುಮಕ್ಕ ತಾಯಿ. ಮದ್ಲೂರು. ನಮ್ಮೆಜಮಾನ್ರು ಹಿಂದ್ಗಡೆ ಬತ್ತಾವ್ರೆ."

ಅಫ್ಜಲುನ್ನೀಸಾ ಕಿಟಕಿಯಿಂದ ಹೊರಗೆ ನೋಡಿದಳು. ಉದ್ದನೆಯ ಒಣಕಲು ಮನುಷ್ಯನೊಬ್ಬ ಕೋಲು ಊರಿಕೊಂಡು ಗೇಟು ದಾಟುತ್ತಿದ್ದ. ಎಡಗಾಲು ಮರದ ತುಂಡಿನ ಹಾಗೆ ಸೆಟೆದಿತ್ತು. ಮಂಡಿ ಬಗ್ಗದೆ, ಸೊಂಟದಿಂದಲೇ ಕಾಲನ್ನು ಸುತ್ತು ಹಾಕಿಸಿ ಮುಂದಿಡುತ್ತಿದ್ದ. ತಲೆಗೆ ಬಿಳಿ ಟವಲು ಹೊದ್ದಿದ್ದ. ಬಸ್‌ಸ್ಟ್ಯಾಂಡಿನಿಂದ ನಡೆದು ಬಂದು ಸುಸ್ತಾಗಿತ್ತೆಂದು ಕಾಣುತ್ತದೆ. ಕೂರಲು ಸುತ್ತ ನೋಡಿದ. ಕುರ್ಚಿಗಳೆಲ್ಲ ತುಂಬಿದ್ದವು. ಅವನು ಕೋಲನ್ನು ಗೋಡೆಗೆ ಒರಗಿಸಿ, ಒಂದು ಕೈ ಗಾಡಿಯ ಹಿಂದಿನ ಹಿಡಿಕೆಗೆ ಹಾಕಿ, ಕತ್ತಲಲ್ಲೂ ಮಾಡಿ ಅಭ್ಯಾಸವಿದ್ದವನ ಹಾಗೆ ಬೆನ್ನು ತಿರುಗಿಸಿ ಮೇಲೇರಿ ಕೂತ. ಒಂದೇ ಕಡೆ ಕಾಲು ಹಾಕಿ. ಅಗಲ ಮಾಡಿದ ಮೆತ್ತನೆ ಜಾಗ ಅವನ ತೊಡೆಗೆ ಸರಿಯಾಗಿ ಕೂತಿತು. ಸೆಟೆದ ಕಾಲು ಮುಂದಕ್ಕೆ ಚಾಚಿಕೊಂಡಿತು, ಇನ್ನೊಂದು ಕಾಲಿನ ಹಿಮ್ಮಡಿ ಸವೆದ ರಬ್ಬರಿನ ಮೇಲೆ ತಾನಾಗಿ ಹೋಗಿ ನಿಂತಿತು.

ಮಂಜಮ್ಮನೂ ನೋಡಿದಳು. ಚಿಕ್ಕಹನುಮಕ್ಕನೇ ಮೆಲ್ಲಗೆ ಹೇಳಿದಳು.

ಗಾಡಿ ಮೊದಲು ಅವಳ ಗಂಡ ಕದರಪ್ಪನದು. ಮದುವೆಯಾದ ಹೊಸತರಲ್ಲಿ ಅದರಲ್ಲಿ ಗೋಕರ್ಣದ ತನಕ ಒಬ್ಬನೇ ಹೋಗಿ ಬಂದವನು. ಟ್ರಾಕ್ಟರಿನ ಟ್ರೈಲರ್ ಮಗುಚಿ ಮಂಡಿ ಹೋಯಿತು. ಗಾಡಿಯನ್ನು ಯಾರಿಗೂ ಕೊಡಲೊಲ್ಲ, ಮುಟ್ಟಲೂ ಬಿಡ. ಸೀಟ್ ಹೊಲಿಯುವ ಸಾಬರೊಬ್ಬರಿಗೆ ಮಾತ್ರ ಒಪ್ಪಿದ. ತಿಂಗಳಿಗೊಂದು ಸಲ ತನ್ನನ್ನು ಕೂರಿಸಿಕೊಂಡು ದೂರ ಹೋಗಿ ಬರಬೇಕು ಎಂಬುದು ಮಾತು. ಜಹೀರ್ ಆಗಲಿ ಎಂದಿದ್ದ. ಒಂದು ತಿಂಗಳೂ ತಪ್ಪಿಸಲಿಲ್ಲ.

"ಪಾವಗಡದ ರೋಡಲ್ಲಿ ಬುಟ್ರೆ, ಕೊಡಿಗೇನಳ್ಳೀಲಿ ಟೀ ಕುಡ್ಕಂಡು ಬರೋರು. ಆವತ್ತೊಂದಿನ ಮಕ ಬೇರೆ ಇರೋದು ತಾಯಿ ನಮ್ಮೋರ್ದು."

"ನಂಗ್ಯಾಕೆ ಹೇಳ್ಲಿಲ್ಲ?" ಅಫ್ಜಲುನ್ನೀಸಾ ಕೇಳಿದ್ದು ಇವಳನ್ನೋ, ಮಲಗಿದ್ದವನನ್ನೋ ತಿಳಿಯಲಿಲ್ಲ.

ಚಿಕ್ಕಹನುಮಕ್ಕ ತಲೆ ತಗ್ಗಿಸಿದಳು. "ಮೊದಲ್ನೇ ಸಲ ಹೋದಾಗ ಊರ ಐಕ್ಳು, ಮದ್ಲಿಂಗಿತ್ತಿ ಹೋಯ್ತಾವ್ಳೆ ನೋಡ್ರೋ ಅಂತ ಕೂಗಿದ್ರು. ಗಂಡ್ಸು ಹೆಂಗಸ್ರಂಗೆ ಕುಂತವ್ನೆ ಅಂತ. ಮೂರು ದಿನ ಅನ್ನ ಮುಟ್ಲಿಲ್ಲ ನಮ್ಮೋರು. ಆಮ್ಯಾಕೆ ಸಾಬ್ರತ್ರ ಆಣೆ ಮಾಡಿಸ್ಕಂಡ್ರು, ಸತ್ರೂ ಯಾರ್ಗೂ ಹೇಳ್ಬ್ಯಾಡಿ ಅಂತ. ತಲೆಗೆ ಟವಲ್ ಹಾಕ್ಕಂಡು ಕೆರೆ ಏರಿ ಮ್ಯಾಲೆ ಕಾಯೋರು."

ಒಬ್ಬ ಗಂಡಸಿನ ಮಾನ ಉಳಿಸಲು ತನ್ನ ಗಂಡ ಇಷ್ಟು ವರ್ಷ, ತಾನು ಅವನ ಅಂಗಿ ಎತ್ತುತ್ತಿದ್ದ ಕೋಲು, ಬಕೀಟು ಎಲ್ಲ ನೋಡಿಕೊಂಡು ಸುಮ್ಮನಿದ್ದ. ಅಫ್ಜಲುನ್ನೀಸಾಗೆ ಹಗುರವೂ ಆಯಿತು, ಸಿಟ್ಟೂ ಬಂತು. ಯಾವುದು ಮೊದಲು ಬಂತೋ.

"ನಂಗೊಬ್ಳಿಗೆ ಹೇಳಿದ್ರೆ ನಾನೇನು ನಗ್ತಿದ್ನಾ ಮಂಜಕ್ಕ?"

"ನಕ್ಕೇ ನಗ್ತಿದ್ದೆ ಕಣಮ್ಮ," ಎಂದಳು ಮಂಜಮ್ಮ. "ನಕ್ಕು, ಕಾಂಪೌಂಡ್ ಹತ್ರ ಬಂದು ನಂಗೂ ಹೇಳ್ತಿದ್ದೆ."

ಅಜಾನ್ ಕೇಳಿಸಿತು. ಗಂಡಸರು ಬಾಗಿಲಲ್ಲಿ ಬಂದು ನಿಂತರು. ಅತಿಯಾ ಅತ್ತಿಗೆಯ ಭುಜ ಮುಟ್ಟಿದಳು, ಈ ಸಲ ಬಾಯಿಬಿಟ್ಟು ಕೇಳಲಿಲ್ಲ. ಅಫ್ಜಲುನ್ನೀಸಾ ಗಂಡನ ಕಿವಿಯ ಹತ್ತಿರ ಬಾಗಿದಳು.

"ಮಾಫ್," ಎಂದಳು. "ಆ ಸುಳ್ಳು ಕೂಡ."

ಆಮೇಲೆ ಇನ್ನೂ ಏನೋ ಹೇಳಿದಳು. ಕೋಲು ಎನ್ನುವ ಒಂದು ಮಾತು ಮಾತ್ರ ಅತಿಯಾಗೆ ಕೇಳಿಸಿತು. ಕೋಲಿನ ವಿಷಯ ಈಗ ಯಾಕೆ ಎಂದು ಅವಳಿಗೆ ಅರ್ಥವಾಗಲಿಲ್ಲ.

ಜನಾಜಾ ಅಂಗಳ ದಾಟುತ್ತಿತ್ತು. ಒಂದು ಹೆಗಲು ಸುಹೇಲನದು. ಕದರಪ್ಪ ಗಾಡಿಯಿಂದ ಇಳಿದು ಕೋಲು ಹುಡುಕಿಕೊಂಡ. ಖಬರಸ್ತಾನ ಊರಾಚೆ. ನಾಲ್ಕು ಹೆಜ್ಜೆ ಇಟ್ಟು, ಹೆಗಲು ಕೊಡಲೂ ಆಗದೆ, ಹಿಂದೆ ನಡೆಯಲೂ ಆಗದೆ ಗೇಟಿನಲ್ಲೇ ನಿಂತುಬಿಟ್ಟ.

ಅಫ್ಜಲುನ್ನೀಸಾ ಮುಷ್ಟಿ ಬಿಚ್ಚಿದಳು. ಅಂಗೈಯಲ್ಲಿ ಕೀಯ ಹಲ್ಲುಗಳ ಗುರುತು ಕೆಂಪಗೆ ಮೂಡಿತ್ತು.

"ರಂಗನಾಥಂಗೆ ಕೊಡಿ ಮಂಜಕ್ಕ. ನಿಧಾನಕ್ಕೆ ಹೋಗ್ಲಿ, ಜನಾಜಾದ ಹಿಂದೇನೇ."

ರಂಗನಾಥ ಕೀ ತಿರುಗಿಸಿದ. ಒಂದೇ ಸಲಕ್ಕೆ ಇಂಜಿನ್ನು ಎದ್ದಿತು. ಕದರಪ್ಪ ಹಿಂದಿನ ಸೀಟಿಗೆ ಏರಿ, ಅಭ್ಯಾಸದಂತೆ ಟವಲನ್ನು ಮುಖದ ತನಕ ಎಳೆದುಕೊಂಡ. ಗಾಡಿ ಗೇಟು ದಾಟಿ ಬೀದಿಗೆ ಇಳಿಯಿತು. ಎರಡೂ ಕಡೆ ಅಂಗಡಿಗಳ ಮುಂದೆ ಜನ ನಿಂತಿದ್ದರು. ತಿರುವಿಗೆ ಇನ್ನೂ ಸ್ವಲ್ಪ ದೂರವಿರುವಾಗ ಅವನು ಟವಲನ್ನು ತಲೆಯಿಂದ ತೆಗೆದು ಮಡಿಚಿ ಹೆಗಲ ಮೇಲೆ ಹಾಕಿಕೊಂಡ. ಆ ನೆಟ್ಟನೆ ಕಾಲು ಬೀದಿಯ ಕಡೆಗೆ ಚಾಚಿಕೊಂಡಿತ್ತು. ಜನ ಅದಕ್ಕೆ ದಾರಿ ಬಿಟ್ಟು ಹಿಂದಕ್ಕೆ ಸರಿಯುತ್ತಿರುವುದು ಕಿಟಕಿಯಿಂದ ಕಾಣುತ್ತಿತ್ತು.