ಗದಗಿನ ಡಾಕ್ಟರಮ್ಮನ ಚೀಟಿ

"ಮದುವೆ ಮನೆಗೆ ಕರ್ಕೊಂಡು ಹೋದ್ರೆ ಹೇಗಿರ್ತಾಳೆ?" ಎಂದು ಡಾಕ್ಟರ್ ಅಕ್ಬರಿ ಕೇಳಿದರು.

"ವಾಲಗದ ಸಪ್ಪಳ ಶುರುವಾತಂದ್ರ ಬಚ್ಚಲಕೋಣ್ಯಾಗ ಹೋಗಿ ಒಳಗಿಂದ ಅಗಳಿ ಹಾಕ್ಕೋತಾಳ್ರೀ. ಎಲ್ಲಾರೂ ಉಂಡು ಹೋಗೂತನಕ ಹೊರಗ ಬರೂದಿಲ್ಲ" ಎಂದಳು ನೀಲಕ್ಕ.

ಪಕ್ಕದಲ್ಲಿದ್ದ ತಮ್ಮ ಕಾಶಿನಾಥ ಅವಳ ಕಡೆ ತಿರುಗಿದ. "ಅಕ್ಕಾ, ಮಹಾನಂದಾಗ ಅಗಳಿ ನಿಲಕೂದಿಲ್ಲ."

ಕಾಶಿನಾಥನ ಐದು ವರ್ಷದ ಮಗಳು ಮಹಾನಂದಾ ನೆಲದ ಮೇಲೆ ಕೂತು ತನ್ನ ಚಪ್ಪಲಿಯ ಬಕಲನ್ನು ಹಾಕಿ, ತೆಗೆದು, ಮತ್ತೆ ಹಾಕುತ್ತಿದ್ದಳು. ಹೆಂಡತಿ ಬಾಣಂತನಕ್ಕೆ ತವರಿಗೆ ಹೋಗಿದ್ದಳೆಂದು ಕಾಶಿನಾಥ ಮಗುವನ್ನು ತೋರಿಸಲು ಅಕ್ಕನನ್ನು ಹೆಬ್ಬಾಳದ ಈ ಆಸ್ಪತ್ರೆಗೆ ಜೊತೆಗೆ ಕರೆತಂದಿದ್ದ. ಅರ್ಧ ಗಂಟೆಯಿಂದ ಉತ್ತರ ಕೊಡುತ್ತಿದ್ದವಳು ನೀಲಕ್ಕನೇ. ಅದರಲ್ಲಿ ಮಗುವಿನದೆಷ್ಟು, ತನ್ನದೆಷ್ಟು ಎಂದು ಈಗ ಅವಳಿಗೇ ತಿಳಿಯದಾಯಿತು.

ಡಾಕ್ಟರ್ ಪೆನ್ನು ಕೆಳಗಿಟ್ಟರು. "ನಿಮಗೆಷ್ಟು ವಯಸ್ಸು?"

"ಮೂವತ್ತೊಂಬತ್ತರೀ."

"ಮುಂದಿನ ವಾರ ನೀವೂ ಒಮ್ಮೆ ಬನ್ನಿ. ನಿಮ್ಮ ಹತ್ರಾನೂ ಮಾತಾಡ್ಬೇಕು."

ಒಂದು ವಾರವೆಂದದ್ದು ಮೂರು ವಾರಗಳಾದವು. ಗಡಿಯಾರ ಕಾರ್ಖಾನೆಯಲ್ಲಿ ಅರ್ಧ ದಿನದ ರಜೆ ಹಾಕಿ ಹಾಕಿ ನೀಲಕ್ಕ ಆ ಕೋಣೆಗೆ ಬಂದಳು. ಎಂಬತ್ತಾರರ ಡಿಸೆಂಬರಿನ ಒಂದು ಬೆಳಿಗ್ಗೆ, ತಮ್ಮನ ಎದುರಿಗೇ, ಡಾಕ್ಟರ್ ಹೇಳಿದರು: "ಮಹಾನಂದಾಗೆ ಇರೋದು ಆಟಿಸಂ ಅಂತ ಆವತ್ತೇ ಹೇಳ್ದೆ. ನಿಮಗೂ ಅದೇ ಇದೆ ನೀಲಕ್ಕ. ದೊಡ್ಡೋರಿಗೆ ನಾನು ಈ ಮಾತು ಹೇಳ್ತಿರೋದು ಇದೇ ಮೊದಲು. ನಾನು ಓದಿರೋ ಪುಸ್ತಕದಲ್ಲೆಲ್ಲ ಮಕ್ಕಳ ವಿಷಯಾನೇ ಇರೋದು. ಆದ್ರೆ ಆ ಮಕ್ಕಳೂ ದೊಡ್ಡೋರಾಗ್ತಾರಲ್ವಾ?"

"ಇದು ಯಾವಾಗ ಬಂತ್ರೀ ನನಗ?"

"ಬಂದಿದ್ದಲ್ಲ. ಹುಟ್ಟಿನಿಂದ್ಲೇ ಇರೋದು."

"ಅಂದ್ರ ನಾ ಬೇಕಂತ ಮಾಡಿಲ್ಲ."

"ಏನನ್ನ?"

ಮದುವೆಯಾದ ಹನ್ನೊಂದನೇ ತಿಂಗಳಿಗೆ ಗಂಡನ ಮನೆಯವರು ನೀಲಕ್ಕನನ್ನು ಟ್ರಂಕಿನ ಸಮೇತ ತವರಿಗೆ ತಂದು ಬಿಟ್ಟು ಹೋಗಿದ್ದರು. ಮಾತಾಡಿಸಿದರೆ ಮುಖ ನೋಡುವುದಿಲ್ಲ, ಮಾವ ಸತ್ತ ದಿನ ಎಲ್ಲರೂ ಅಳುವಾಗ ಕಿವಿ ಮುಚ್ಚಿಕೊಂಡು ಹಿತ್ತಲಿಗೆ ಓಡಿದಳು, ಇವಳು ಹೆಂಗಸಲ್ಲ, ಕಲ್ಲು ಎಂದಿದ್ದರು. ಅಂದಿನಿಂದ ಅವಳೂ ಅದನ್ನು ನಂಬಿದ್ದಳು. ಉಳಿದವರೆಲ್ಲ ಕಷ್ಟಪಟ್ಟು ಒಳ್ಳೆಯವರಾಗಿದ್ದಾರೆ, ತಾನೊಬ್ಬಳು ಸಾಕಷ್ಟು ಕಷ್ಟಪಡಲಿಲ್ಲ ಎಂದುಕೊಂಡೇ ಇಷ್ಟು ವರ್ಷ ಕಳೆದಿದ್ದಳು.

ಕಾಶಿನಾಥ ಎದ್ದು ವರಾಂಡಕ್ಕೆ ಹೋದ. ನೀಲಕ್ಕ ಬಂದಾಗ ಅವನ ಕಾಲ ಬಳಿ ಮೂರು ಬೆಂಕಿಕಡ್ಡಿಗಳು ಬಿದ್ದಿದ್ದವು, ಬೀಡಿ ಹೊತ್ತಿರಲಿಲ್ಲ.

"ಅಕ್ಕಾ, ಆ ಪೂಜಾರಿ ದೆವ್ವ ಬಿಡಸ್ತೇನಂತ ನಿನಗ ಬೇವಿನ ಟೊಂಗಿಲೆ ಬಡಿಯೂವಾಗ ನಿನ್ನ ಕೈ ಹಿಡಕೊಂಡಿದ್ದಾಂವ ನಾನ."

"ಹೌದು, ಎಡಗೈ. ನೀ ಆವಾಗ ಹದಿನೇಳ ವರ್ಷದಾಂವ."

ಅವನು ಗೋಡೆಯ ಕಡೆ ಮುಖ ಮಾಡಿ ನಿಂತ. ನೀಲಕ್ಕ ಒಬ್ಬಳೇ ಬಸ್‌ಸ್ಟಾಪಿಗೆ ನಡೆದಳು. ಯಶವಂತಪುರದ ಬಸ್ಸು ಬಂತು, ಹೋಯಿತು. ಮತ್ತೊಂದೂ ಹೋಯಿತು. ಮೂರನೆಯದರ ಕಂಡಕ್ಟರು "ಹತ್ತಮ್ಮಾ, ಏನ್ ಕನಸು ಕಾಣ್ತಾ ನಿಂತಿದೀಯ?" ಎಂದು ಗದರಿದ ಮೇಲೆ ಹತ್ತಿದಳು. ಕೈಯಲ್ಲಿ ಡಾಕ್ಟರ್ ಕೊಟ್ಟ ಹಾಳೆಯಿತ್ತು. ಅವಳ ಬಾಲ್ಯದ ಬಗ್ಗೆ ತಾಯಿಯನ್ನು ಕೇಳಿ ಬರೆದು ತರಬೇಕಿತ್ತು.

ಮನೆಯಲ್ಲಿ ತಾಯಿ ಈರವ್ವ ಅವರೆಕಾಳು ಹಿತುಕುತ್ತಿದ್ದಳು. ಬೆಂಗಳೂರಿಗೆ ಬಂದು ಕಲಿತ ಕೆಲಸ. ನೀಲಕ್ಕ ಎದುರಿಗೆ ಕೂತು ಪೆನ್ಸಿಲ್ ಹಿಡಿದಳು.

"ನಾ ಮಾತಾಡಾಕ ಕಲತಾಗ ನನಗೆಷ್ಟು ವರ್ಷ?"

"ನಾಕ ತುಂಬಿದ್ವು."

"ಹೆಸರ ಹಿಡದು ಕರದ್ರ ತಿರಗತಿದ್ನೇನು?"

"ಎಲ್ಲಿ ತಿರಗತಿದ್ದೀ? ಕಿವುಡಿ ಅಂತ ತಿಳದಿದ್ವಿ." ಈರವ್ವನ ಬೆರಳು ಕಾಳಿನ ಸಿಪ್ಪೆಯನ್ನು ಚಿಮ್ಮಿಸಿತು. "ಆ ಗದಗಿನ ಡಾಕ್ಟರಮ್ಮನೂ ಇದನ್ನ ಕೇಳಿದ್ಲು."

ಮಾತು ಆಡಿದ ಮೇಲೆ ಈರವ್ವನ ಕೈ ನಿಂತಿತು.

"ಯಾವ ಡಾಕ್ಟರಮ್ಮ?"

"ಏ, ಬಿಡು. ಹಳೇ ಮಾತು."

"ಯಾವ ಡಾಕ್ಟರಮ್ಮ, ಅವ್ವಾ?"

ಈರವ್ವ ಬುಟ್ಟಿಯನ್ನೇ ನೋಡುತ್ತ ಹೇಳಿದಳು. "ನಿನಗ ಐದ ವರ್ಷ. ತೋರಿಸಾಕ ಒಯ್ದಿದ್ದೆ. ಈಕಿಗೆ ಕಿವಿ ಕೇಳತೈತಿ, ಬುದ್ಧಿನೂ ಐತಿ, ಬ್ಯಾರೆ ಥರ ಹುಟ್ಯಾಳ ಅಷ್ಟ ಅಂದ್ಲು. ಬಡೀಬ್ಯಾಡ್ರಿ, ಗದ್ಲದಾಗ ಒಯ್ಯಬ್ಯಾಡ್ರಿ, ಒತ್ತಾಯ ಮಾಡಿ ಯಾರ ಮನಿಗೂ ಕಳಸಬ್ಯಾಡ್ರಿ ಅಂತ ಚೀಟಿ ಬರದು ಕೊಟ್ಲು."

"ಎಲ್ಲೈತಿ ಚೀಟಿ?"

"ಒಲಿಗೆ ಹಾಕಿದೆ. ನಿಮ್ಮಪ್ಪಗೂ ತೋರಿಸಲಿಲ್ಲ. ಹೆಣ್ಣಮಗಳು ನೀ. ಡಾಕ್ಟರು ಹಿಂಗ ಬರದಾರ ಅಂತ ಗೊತ್ತಾದ್ರ ನಿನ್ನ ಯಾರ ಮಾಡಿಕೋತಿದ್ರು?"

ನೀಲಕ್ಕನ ಕೈಯಿಂದ ಪೆನ್ಸಿಲ್ ಜಾರಿತು. ಹೊರಗೆ ಮಾರ್ಕೆಟ್ಟಿನ ಲಾರಿಯೊಂದು ಹಾರ್ನು ಹೊಡೆದರೂ ಅವಳು ಕಿವಿ ಮುಚ್ಚಿಕೊಳ್ಳಲಿಲ್ಲ.

"ಪೂಜಾರಿ ಬಡಿಯೂವಾಗ ನೀ ಅಲ್ಲೇ ಕುಂತಿದ್ದಿ. ಬಡೀಬಾರದು ಅಂತ ನಿನಗ ಗೊತ್ತಿತ್ತು."

"ಗೊತ್ತಿತ್ತು."

"ಮದಿವಿ ಮಾಡೂವಾಗನೂ ಗೊತ್ತಿತ್ತು."

"ಎಲ್ಲಾ ಸರಿ ಹೋಗತೈತಿ ಅಂತ..." ಈರವ್ವ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದಳು.

"ನನಗ ಸಿಟ್ಟು ಬಂದೈತಿ" ಎಂದಳು ನೀಲಕ್ಕ. ದನಿ ಏರಲಿಲ್ಲ. "ನನ್ನ ಮುಖದ ಮ್ಯಾಲೆ ಕಾಣೂದಿಲ್ಲ, ಅದಕ್ಕ ಬಾಯಿಲೆ ಹೇಳಾಕತ್ತೇನಿ. ಭಾಳ ಸಿಟ್ಟು ಬಂದೈತಿ, ಅವ್ವಾ."

ಈರವ್ವ ಅಳುತ್ತ ಮಗಳ ಕೆನ್ನೆ ಸವರಲು ಕೈ ಚಾಚಿದಳು. ನೀಲಕ್ಕ ಹಿಂದೆ ಸರಿದಳು. ಮೂವತ್ತೊಂಬತ್ತು ವರ್ಷವೂ ಹೀಗೇ ಸರಿದಿದ್ದಳು. ಈರವ್ವನ ಕೈ ಗಾಳಿಯಲ್ಲೇ ಉಳಿಯಿತು.

"ಹಗೂರ ಮುಟ್ಟಬ್ಯಾಡ" ಎಂದಳು ನೀಲಕ್ಕ. "ಹಗೂರ ಮುಟ್ಟಿದ್ರ ಉರಿ ಹತ್ತತೈತಿ. ಮುಟ್ಟೂದಾದ್ರ ಒತ್ತಿ ಹಿಡಿ."

ಈರವ್ವನಿಗೆ ಅರ್ಥವಾಗಲಿಲ್ಲ. ನೀಲಕ್ಕ ತಿರುಗಿ, ಬೆನ್ನು ತೋರಿಸಿ ಕೂತಳು. ಮುದುಕಿ ಅವರೆಯ ಸೊಗಡು ಹತ್ತಿದ ಎರಡೂ ಅಂಗೈಗಳನ್ನು ಸೆರಗಿಗೆ ಒರೆಸಿಕೊಂಡು ಮಗಳ ಹೆಗಲ ಮೇಲಿಟ್ಟು ಒತ್ತಿದಳು.

"ಇಷ್ಟ ಸಾಕೇನು?"

"ಇನ್ನೂ ಜೋರ."

ಈರವ್ವ ಮೊಣಕಾಲೂರಿ ಮೇಲೆದ್ದಳು. ಮೈಯ ಭಾರವನ್ನೆಲ್ಲ ಕೈಗೆ ಬಿಟ್ಟಳು. ನೀಲಕ್ಕ ಕಣ್ಣು ಮುಚ್ಚಿದಳು. ಅವಳ ಹೆಗಲು ಮೆಲ್ಲಗೆ ಕೆಳಗಿಳಿಯಿತು.