ಸೇದಿದ್ದಕ್ಕೆ ಪ್ರಥಮ

ಶಟ್ಟೆವ್ವನಿಗೆ ಆ ತಾಮ್ರದ ಕೊಡ ಬೇಕೇ ಬೇಕಾಗಿತ್ತು. ಮನೆಯಲ್ಲಿ ಕೊಡಗಳಿಗೇನೂ ಕಡಿಮೆಯಿರಲಿಲ್ಲ. ಆದರೆ ಒಂದೊಂದರ ಮೇಲೂ ಗಂಡ ಲಗಮಪ್ಪ ಮಾಸ್ತರರದೋ, ಅತ್ತೆಯದೋ, ಎಂದೋ ಸತ್ತ ಮಾವನದೋ ಹೆಸರು ಕೆತ್ತಿತ್ತು. ಸೊಸೆಯಾಗಿ ಬಂದಾಗಿನಿಂದ ತೊಳೆದದ್ದು ಈಕೆ, ಹೆಸರು ಅವರದು. ಬಹುಮಾನದ ಈ ಕೊಡದ ಮೇಲಾದರೋ ಗೆದ್ದವರ ಹೆಸರನ್ನೇ ಕೆತ್ತಲು ಬೈಲಹೊಂಗಲದ ಹಸನಸಾಬ ಮಷೀನು ಹಿಡಿದುಕೊಂಡು ಬಂದು ಹೊಳೆಯ ದಂಡೆಯಲ್ಲೇ ಕುಳಿತಿದ್ದ.

ಸಂಗೊಳ್ಳಿಯ ಹತ್ತಿರ ಮಲಪ್ರಭೆಯಲ್ಲಿ ಗರಿಗಾಳದಿಂದ ಮೀನು ಹಿಡಿಯುವ ಸ್ಪರ್ಧೆ. ನಿವೃತ್ತ ಪಿ.ಟಿ. ಶಿಕ್ಷಕರಾದ ಲಗಮಪ್ಪ ಮಾಸ್ತರರೇ ಮೊಬೈಲಿನಲ್ಲಿ ಪರದೇಶದವರ ಆಟ ನೋಡಿ ಊರಿಗೆ ಹಚ್ಚಿದ ಹುಚ್ಚು ಇದು. ಎರೆಹುಳು ಕೂಡದು. ಕೋಳಿಗರಿಯನ್ನು ನೊಣದ ಹಾಗೆ ಗಾಳಕ್ಕೆ ಕಟ್ಟಿ ಎಸೆಯಬೇಕು, ದಾರವನ್ನು ಕೈಯಿಂದ ವಾಪಸು ತರುತ್ತ ಮೀನನ್ನು ನಂಬಿಸಬೇಕು. ಸಿಕ್ಕಿದ್ದನ್ನು ಅಳೆದು ಮತ್ತೆ ಹೊಳೆಗೇ ಬಿಡಬೇಕು. ಬಿಡುವುದಾದರೆ ಹಿಡಿಯುವುದೇಕೆ ಎಂದು ಕೇಳಿದವರಿಗೆ ಮಾಸ್ತರರು "ಶಿಸ್ತು" ಎನ್ನುತ್ತಿದ್ದರು.

ಉಳಿದವರೆಲ್ಲ ಒಂದು ಕೈಯಲ್ಲಿ ಕೋಲು ಹಿಡಿದು ಇನ್ನೊಂದರಿಂದ ದಾರವನ್ನು ಗೇಣು ಗೇಣು ಜಗ್ಗಿದರು. ಶಟ್ಟೆವ್ವ ಕೋಲನ್ನು ಕಂಕುಳಲ್ಲಿ ಇರುಕಿಕೊಂಡು, ಬಾವಿಯಿಂದ ಕೊಡ ಎತ್ತುವ ಹಾಗೆ ಎರಡೂ ಕೈಯಿಂದ ಸರಸರನೆ ತಂದಳು. ಮೀನುಗಳಿಗೆ ಏನನ್ನಿಸಿತೋ, ಓಡಿಬಂದು ಕಚ್ಚಿದವು. ಸಂಜೆಗೆ ಆಕೆಯ ಮೀನೇ ಎಲ್ಲಕ್ಕಿಂತ ಉದ್ದವಾಗಿತ್ತು.

ಎರಡನೆಯವನಾದ ನೇಸರಗಿಯ ಭೀಮಶಿ ತಕರಾರು ತೆಗೆದ. "ಮಾಸ್ತರ, ಈಕೀದು ನಡ್ಯಾಂಗಿಲ್ರಿ. ನಿಮ್ಮ ಬೋರ್ಡ್ ನೀವ ಓದ್ರಿ."

ಬೋರ್ಡಿನಲ್ಲಿ ಮಾಸ್ತರರೇ ಬರೆಸಿದ್ದರು: 'ದಂಡೆಯ ಮೇಲೆ ಸೇದುವವರನ್ನು ಸ್ಪರ್ಧೆಯಿಂದ ತೆಗೆಯಲಾಗುವುದು.'

"ಲೇ, ಅದು ಬೀಡಿ ಸೇದೋರಿಗಲೇ. ಅದೂ ನಿನ್ನ ಸಂಬಂಧನ ಬರಸಿದ್ದು!"

"ಬೀಡಿ ಅಂತ ಎಲ್ಲೈತ್ರಿ? ಈಕಿ ನೀರ ಸೇದಿದಂಗ ದಾರ ಸೇದ್ಯಾಳ. ಹೆಂಡ್ತಿ ಅಂತ ಬಿಟ್ರ ಹೆಂಗ್ರಿ?"

ಹೆಂಡತಿ ಎಂಬ ಮಾತು ಮಾಸ್ತರರಿಗೆ ನಾಟಿತು. ಗಂಟಲು ಸರಿಮಾಡಿಕೊಂಡು, "ನಿಯಮ ಅಂದ್ರ ನಿಯಮ" ಎಂದರು. ಶಟ್ಟೆವ್ವನಿಗೆ ಮೈಯೆಲ್ಲ ಉರಿಯಿತು. ಇವರ ಮನೆಗೆ ನೀರು ಸೇದಿ ಸೇದಿ ಗಟ್ಟಿಯಾದ ಕೈ ಇದು. ಆಗ ಯಾರಿಗೂ ನಿಯಮ ನೆನಪಾಗಿರಲಿಲ್ಲ.

ದಂಡೆಯ ಮೇಲೆ ಎರಡು ಪಾರ್ಟಿಯಾದವು. ಒಂದು ಕೈಯಾದರೆ ಜಗ್ಗಿದ್ದು, ಎರಡಾದರೆ ಸೇದಿದ್ದು ಎಂದರು ಸವದತ್ತಿಯವರು. ರಾಟೆಯಿಲ್ಲದೆ ಸೇದುವುದು ಹೇಗೆ ಎಂದರು ರಾಮದುರ್ಗದವರು. ಪ್ರಯೋಗ ಮಾಡಿಯೇ ತೀರೋಣವೆಂದು ಯಾರೋ ಹೊಳೆಗೆ ಬಿಟ್ಟ ಬಕೀಟು ಹಗ್ಗದ ಸಮೇತ ತೇಲಿಹೋಯಿತು. ವಾದ ಮಾತ್ರ ಅಲ್ಲೇ ಉಳಿಯಿತು.

ಈ ಗದ್ದಲದಲ್ಲಿ ಭೀಮಶಿ ರೂಢಿಯಂತೆ ಬೀಡಿ ಹಚ್ಚಿಬಿಟ್ಟಿದ್ದ.

"ಅಲ್ನೋಡ್ರಿ, ಇಂವ ಸೇದಾಕ ಹತ್ಯಾನ!" ಎಂದು ಶಟ್ಟೆವ್ವ ಕೂಗಿದಳು.

ಭೀಮಶಿ ಕೆಮ್ಮಿದ. "ನಾ ಎಲ್ಲಿ ಸೇದೇನ್ರಿ? ಒಂದ ದಮ್ಮ ಎಳದೇನಿ, ಅಷ್ಟ."

"ಹಂಗಾದ್ರ ನಾನೂ ದಾರ ಎಳದೇನಿ, ಅಷ್ಟ."

ಇಬ್ಬರನ್ನೂ ತೆಗೆದು ಮೂರನೆಯವರಿಗೆ ಕೊಡೋಣವೆಂದರೆ ಬೇರೆ ಯಾರಿಗೂ ಮೀನೇ ಬಿದ್ದಿರಲಿಲ್ಲ. ಕೊನೆಗೆ ಮಾಸ್ತರರು ಇಬ್ಬರನ್ನೂ ಉಳಿಸಿಕೊಂಡು ಕೊಡವನ್ನು ಹೆಂಡತಿಗೆ ಕೊಟ್ಟರು. ಆದರೆ ತಾವು ಏನನ್ನೋ ಮುಚ್ಚಿಟ್ಟರೆಂಬ ಮಾತು ಬರಬಾರದೆಂದು, ಗೆದ್ದ ರೀತಿಯನ್ನೂ ಕೊಡದ ಮೇಲೆ ಕೆತ್ತಬೇಕೆಂದು ಹಟ ಹಿಡಿದರು.

"ಅಕ್ಕಾರ, ಮಾಸ್ತರ ಹೆಸರೂ ಹಾಕ್ಲೇನ್ರಿ?" ಎಂದು ಹಸನಸಾಬ ಕೇಳಿದ.

"ಬ್ಯಾಡೋ ತಮ್ಮಾ, ಅವರದು ಮನ್ಯಾಗ ಭಾಳ ಅದಾವ."

ಈಗ ಆ ಕೊಡ ಪಡಸಾಲೆಯಲ್ಲಿ ಬಂದವರ ಕಣ್ಣೆದುರಿಗೇ ಇದೆ: 'ಶಟ್ಟೆವ್ವ. ಸೇದಿದ್ದಕ್ಕೆ ಪ್ರಥಮ.' ಮೊನ್ನೆ ಮಗಳನ್ನು ನೋಡಲು ಬಂದ ಕಿತ್ತೂರಿನವರು ಅದನ್ನು ಓದಿ, ಚಹಾದ ಕಪ್ಪನ್ನು ಮೆಲ್ಲಗೆ ಕೆಳಗಿಟ್ಟರು.

"ಬೀಡೀನೋ, ಚುಟ್ಟಾನೋ ರೀ?" ಎಂದರು ಹಿರಿಯರು.

ಮಾಸ್ತರರು ವಿವರಿಸಲು ಬಾಯಿ ತೆರೆದರು. ಶಟ್ಟೆವ್ವ ಅವರ ಬಾಯಿಗೆ ಒಂದು ಶೇಂಗಾ ಉಂಡಿ ತುರುಕಿ, ಎರಡೂ ಕೈ ಅಗಲಿಸಿ ತೋರಿಸಿದಳು.

"ಇಷ್ಟ ಉದ್ದಂದು ರೀ."